ಮೊದಲ ಸಸ್ಯಭರಿತ ಅಕ್ವೇರಿಯಂ: ನಿಧಾನದ ತೊಟ್ಟಿಯೋ, ವೇಗದ ತೊಟ್ಟಿಯೋ?

ಸಣ್ಣದೊಂದು ಗಾಜಿನ ತೊಟ್ಟಿಯಲ್ಲಿ ಜೀವಂತ ಗಿಡಗಳನ್ನು ಬೆಳೆಸಲು ಹೊರಟವರು ಮೊದಲು ಕೇಳುವುದು ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂದು. ಅದರ ಬೆನ್ನಿಗೇ, ಯಾವ ಮೀನು ಬಿಡಬಹುದು ಎಂದು. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅವುಗಳಿಗಿಂತ ಮೊದಲು ತೀರ್ಮಾನವಾಗಬೇಕಾದ ಸಂಗತಿ ಇನ್ನೊಂದಿದೆ: ಈ ತೊಟ್ಟಿಯ ಗಿಡಗಳು ಎಷ್ಟು ವೇಗವಾಗಿ ಬೆಳೆಯಬೇಕು? ಪ್ರಖರವಾದ ಬೆಳಕು, ಸಿಲಿಂಡರಿನಿಂದ ಹಾಯಿಸುವ ಕಾರ್ಬನ್ ಡೈಆಕ್ಸೈಡ್, ಲೆಕ್ಕಹಾಕಿ ಕೊಡುವ ಗೊಬ್ಬರ ಇವು ಮೂರೂ ಇರುವ ತೊಟ್ಟಿಯಲ್ಲಿ ಗಿಡಗಳು ವಾರಕ್ಕೊಮ್ಮೆ ಕತ್ತರಿ ಬೇಡುವಷ್ಟು ಬೆಳೆಯುತ್ತವೆ. ಮಿತವಾದ ಬೆಳಕಿನಲ್ಲಿ, ನೀರಿನಲ್ಲಿ ತಾನಾಗಿ ಕರಗಿರುವ ಅನಿಲವನ್ನೇ ನಂಬಿಕೊಂಡಿರುವ ತೊಟ್ಟಿಯಲ್ಲಿ ಅಷ್ಟೇ ಬೆಳವಣಿಗೆಗೆ ತಿಂಗಳುಗಳು ಹಿಡಿಯುತ್ತವೆ. ಹವ್ಯಾಸಿಗಳು ಇವನ್ನು ಹೈಟೆಕ್ ಮತ್ತು ಲೋಟೆಕ್ ಎಂದು ಕರೆಯುತ್ತಾರೆ. ಉಪಕರಣಗಳ ಅಂತಸ್ತಿನ ಮಾತೆಂಬಂತೆ ಕೇಳಿಸುವ ಈ ಹೆಸರುಗಳು ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ಇಲ್ಲಿರುವ ಭೇದ ಮೂಲತಃ ವೇಗದ್ದು. ಹಾಗಾಗಿ ಈ ಬರಹದಲ್ಲಿ ಅವುಗಳನ್ನು ನಿಧಾನದ ತೊಟ್ಟಿ, ವೇಗದ ತೊಟ್ಟಿ ಎಂದೇ ಕರೆಯುತ್ತೇನೆ. ತಳಹಾಸು, ಗಿಡ, ಫಿಲ್ಟರ್, ಮೀನು ಎಲ್ಲದರ ಆಯ್ಕೆಯೂ ಈ ಒಂದು ತೀರ್ಮಾನದ ಹಿಂದೆಯೇ ಬರುತ್ತದೆ.

ಬೆಳಕು ಮತ್ತು ಇಂಗಾಲ

ತೊಟ್ಟಿಯ ವೇಗವನ್ನು ನಿರ್ಧರಿಸುವುದು ಬೆಳಕು. ಬೆಳಕು ಹೆಚ್ಚಿದಷ್ಟೂ ಗಿಡದ ಹಸಿವು ಹೆಚ್ಚುತ್ತದೆ, ಮತ್ತು ಆ ಹಸಿವಿಗೆ ಮೊದಲು ಸಾಲದಾಗುವುದು ಇಂಗಾಲ. ಗಾಳಿಯೊಂದಿಗೆ ಸಮತೋಲದಲ್ಲಿರುವ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಸುಮಾರು 0.5 ಮಿಲಿಗ್ರಾಂ ಮಾತ್ರ. ಅದೂ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ವೇಗದ ತೊಟ್ಟಿಗಳಲ್ಲಿ ಈ ಪ್ರಮಾಣವನ್ನು ಲೀಟರಿಗೆ 20ರಿಂದ 30 ಮಿಲಿಗ್ರಾಂವರೆಗೆ ಏರಿಸಿ ಇಟ್ಟುಕೊಳ್ಳುತ್ತಾರೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹೊಸಬರ ತೊಟ್ಟಿಗಳು ಪಾಚಿಗಟ್ಟುವುದೇಕೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಗಿಡ ಚೆನ್ನಾಗಿ ಬರಲೆಂದು ಪ್ರಬಲವಾದ ದೀಪ ತಂದು, ಇಂಗಾಲವನ್ನು ಮಾತ್ರ ಇದ್ದಷ್ಟೇ ಬಿಟ್ಟರೆ, ಗಿಡಗಳಿಗೆ ಬಳಸಲಾಗದೆ ಉಳಿದ ಬೆಳಕು ಅಲ್ಪದರಲ್ಲೇ ಬದುಕಬಲ್ಲ ಪಾಚಿಯ ಪಾಲಾಗುತ್ತದೆ. ನನ್ನ ಮೊದಲ ತೊಟ್ಟಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ದೀಪ ಉರಿಸಿ, ಎರಡೇ ತಿಂಗಳಲ್ಲಿ ಗಾಜಿನ ಆಚೆಗೇನಿದೆ ಎಂಬುದು ಕಾಣದಂತೆ ಮಾಡಿಕೊಂಡಿದ್ದೆ.

ದೀಪವನ್ನು ಆರಿಸಲು ಹವ್ಯಾಸಿಗಳು ಬಳಸುವ ಸ್ಥೂಲವಾದ ಲೆಕ್ಕವೊಂದಿದೆ. ಪ್ರತಿ ಲೀಟರಿಗೆ 10ರಿಂದ 20 ಲೂಮೆನ್ (ದೀಪ ಚೆಲ್ಲುವ ಬೆಳಕಿನ ಅಳತೆ) ಇದ್ದರೆ ಅದು ನಿಧಾನದ ತೊಟ್ಟಿಯ ಬೆಳಕು. 20ರಿಂದ 40ರವರೆಗೆ ಮಧ್ಯಮ. ಅದಕ್ಕೂ ಮೇಲಾದರೆ ಕಾರ್ಬನ್ ಡೈಆಕ್ಸೈಡ್ ಹಾಯಿಸದೆ ವಿಧಿಯಿಲ್ಲ. ತೊಟ್ಟಿಯ ಆಳ, ದೀಪ ಇರುವ ಎತ್ತರ, ಬೆಳಕು ಹರಡುವ ಕೋನ ಇವೆಲ್ಲ ಫಲಿತಾಂಶವನ್ನು ಬದಲಿಸುವುದರಿಂದ ಇದನ್ನು ಆರಂಭದ ಅಂದಾಜೆಂದು ಮಾತ್ರ ತಿಳಿಯಬೇಕು. ಬೆಳಕನ್ನು ತಗ್ಗಿಸುವ ಸೌಲಭ್ಯವಿರುವ ಎಲ್‌ಇಡಿ ದೀಪ ಮತ್ತು ಒಂದು ಟೈಮರ್ ಸಿಕ್ಕರೆ ಅಂದಾಜಿನ ತಪ್ಪನ್ನು ಆಮೇಲೆ ತಿದ್ದಿಕೊಳ್ಳಬಹುದು. ಮೊದಲ ತಿಂಗಳು ದಿನಕ್ಕೆ ಆರು ಗಂಟೆ ಸಾಕು. ಗಿಡಗಳು ಬೇರುಬಿಟ್ಟ ಬಳಿಕ ಎಂಟಕ್ಕೆ ಏರಿಸಬಹುದು. ಕಿಟಕಿಯ ನೇರ ಬಿಸಿಲು ಬಿಟ್ಟಿಯಾಗಿ ಸಿಗುವುದೇನೋ ಹೌದು, ಆದರೆ ಅದನ್ನು ತಗ್ಗಿಸುವ ಗುಂಡಿ ಯಾರ ಕೈಯಲ್ಲೂ ಇಲ್ಲ, ಜೊತೆಗೆ ಅದು ಸಣ್ಣ ತೊಟ್ಟಿಯ ನೀರನ್ನು ಕಾಯಿಸಿಯೂ ಬಿಡುತ್ತದೆ.

ಇನ್ನು ಇಂಗಾಲವನ್ನು ಒದಗಿಸುವ ಬಗೆಗಳು. ಒತ್ತಡದ ಸಿಲಿಂಡರ್, ರೆಗ್ಯುಲೇಟರ್ ಮತ್ತು ಟೈಮರಿಗೆ ಜೋಡಿಸಿದ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ಕವಾಟ ಇರುವ ವ್ಯವಸ್ಥೆ ಆರಂಭದಲ್ಲಿ ದುಬಾರಿಯಾದರೂ ಅನಿಲವನ್ನು ದಿನವೂ ಒಂದೇ ಪ್ರಮಾಣದಲ್ಲಿ ಕೊಡುತ್ತದೆ. ಸಕ್ಕರೆ ಮತ್ತು ಯೀಸ್ಟ್ ಬೆರೆಸಿದ ಬಾಟಲಿ ಅಗ್ಗವಾದದ್ದು. ಆದರೆ ಮೊದಲ ದಿನಗಳಲ್ಲಿ ಉಕ್ಕಿ, ಎರಡು ಮೂರು ವಾರಗಳಲ್ಲಿ ಬತ್ತಿಹೋಗುತ್ತದೆ, ಮತ್ತು ರಾತ್ರಿಯಲ್ಲಿ ಅದನ್ನು ನಿಲ್ಲಿಸುವ ಉಪಾಯವಿಲ್ಲ. ಅನಿಲದ ಪ್ರಮಾಣ ಹೀಗೆ ಏರಿಳಿಯುವುದಕ್ಕಿಂತ ಅದು ಇಲ್ಲದಿರುವುದೇ ಮೇಲೆಂದು ನನ್ನ ಅಭಿಪ್ರಾಯ. ದ್ರವರೂಪದ ಇಂಗಾಲವೆಂದು ಮಾರುವ ಹಲವು ಬಾಟಲಿಗಳಲ್ಲಿ ಇರುವುದು ಸೋಂಕುನಾಶಕವಾಗಿಯೂ ಬಳಸುವ ಗ್ಲುಟರಾಲ್ಡಿಹೈಡ್ ಮತ್ತು ಅದರ ರೂಪಾಂತರಗಳು. ಅವು ಪಾಚಿಯನ್ನು ಹತ್ತಿಕ್ಕುತ್ತವೆ ನಿಜ, ಆದರೆ ಹಾಯಿಸಿದ ಅನಿಲಕ್ಕೆ ಸಾಟಿಯಲ್ಲ. ವ್ಯಾಲಿಸ್ನೇರಿಯದಂತಹ ಗಿಡಗಳನ್ನೂ ಕೆಲವು ಹಾವಸೆ (ಮಾಸ್) ಗಿಡಗಳನ್ನೂ ಸುಡುವುದುಂಟು. ಮೊದಲ ತೊಟ್ಟಿಯ ಸಾಮಾನುಗಳ ಪಟ್ಟಿಯಿಂದ ಇದನ್ನು ನಾನು ನಿಸ್ಸಂಕೋಚವಾಗಿ ಹೊಡೆದುಹಾಕುತ್ತೇನೆ.

ಸಿಲಿಂಡರ್ ಆರಿಸಿಕೊಂಡವರಿಗೆ ಒಂದು ಎಚ್ಚರಿಕೆ ಅಗತ್ಯ. ಅನಿಲ ಹೆಚ್ಚಾದರೆ ಗಿಡಕ್ಕೆ ಏನೂ ಆಗುವುದಿಲ್ಲ, ಮೀನು ಸಾಯುತ್ತದೆ. ಡ್ರಾಪ್ ಚೆಕರ್ ಎಂಬ ಪುಟ್ಟ ಗಾಜಿನ ಬುರುಡೆಯಲ್ಲಿರುವ ಸೂಚಕ ದ್ರವ ನೀಲಿಯಿದ್ದರೆ ಅನಿಲ ಕಡಿಮೆ, ಹಸಿರಿದ್ದರೆ ಸರಿ, ಹಳದಿಗೆ ತಿರುಗಿದರೆ ಅತಿ. ಆದರೆ ಅದರ ಬಣ್ಣ ತೊಟ್ಟಿಯ ಸ್ಥಿತಿಗಿಂತ ಒಂದೆರಡು ಗಂಟೆ ಹಿಂದಿರುವುದರಿಂದ, ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿವೆಯೇ ಎಂದು ಕಣ್ಣಾರೆ ನೋಡುವುದೇ ಹೆಚ್ಚು ಭರವಸೆಯ ಪರೀಕ್ಷೆ. ದೀಪ ಹತ್ತುವ ಒಂದೆರಡು ಗಂಟೆ ಮೊದಲು ಅನಿಲವನ್ನು ತೆರೆದು, ದೀಪ ಆರುವ ಹೊತ್ತಿಗೆ ಅಥವಾ ತುಸು ಮುಂಚೆಯೇ ಮುಚ್ಚುವುದು ವಾಡಿಕೆ. ಕತ್ತಲಲ್ಲಿ ಗಿಡಗಳು ಅದನ್ನು ಬಳಸದೆ ತಾವೇ ಹೊರಬಿಡುತ್ತವೆ.

ಮೊದಲ ಸಲದವರಿಗೆ ನಿಧಾನದ ತೊಟ್ಟಿಯನ್ನೇ ನಾನು ಸೂಚಿಸುತ್ತೇನೆ. ಅದು ಸುಲಭವೆಂಬುದಕ್ಕಿಂತ, ಅದರಲ್ಲಿ ತಪ್ಪುಗಳೂ ನಿಧಾನವಾಗಿ ಬೆಳೆಯುತ್ತವೆ ಎಂಬುದೇ ಕಾರಣ. ವೇಗದ ತೊಟ್ಟಿಯಲ್ಲಿ ಅನಿಲ ಮುಗಿದದ್ದನ್ನು ನಾಲ್ಕು ದಿನ ಗಮನಿಸದಿದ್ದರೆ ಪಾಚಿ ಮುತ್ತಿರುತ್ತದೆ. ನಿಧಾನದ ತೊಟ್ಟಿಯಲ್ಲಿ ಎಲೆ ಹಳದಿಯಾಗುತ್ತಿರುವುದನ್ನು ಕಂಡು, ಯೋಚಿಸಿ, ಓದಿ, ಸರಿಪಡಿಸುವಷ್ಟು ಸಮಯ ಸಿಗುತ್ತದೆ. ಹುಲ್ಲುಹಾಸಿನಂತೆ ತಳವನ್ನು ಹೊದಿಯುವ ಕ್ಯೂಬಾ ಎಂಬ ಪುಟ್ಟ ಗಿಡವನ್ನು ಅಥವಾ ಕಡುಗೆಂಪು ಎಲೆಗಳ ಆಲ್ಟರ್ನಾಂತೆರಾವನ್ನು ಚಿತ್ರದಲ್ಲಿ ನೋಡಿ, ಅದೇ ಬೇಕೆಂದು ಮನಸ್ಸು ಮಾಡಿದವರು ಮಾತ್ರ ನೇರವಾಗಿ ವೇಗದ ತೊಟ್ಟಿಗೆ ಹೋಗಬಹುದು. ಏಕೆಂದರೆ ನಿಧಾನದ ತೊಟ್ಟಿಯಲ್ಲಿ ಅವು ಅವರ ಮನಸ್ಸಿನ ಚಿತ್ರವನ್ನು ಎಂದೂ ಮುಟ್ಟುವುದಿಲ್ಲ.

ಗಾತ್ರ

ಸಣ್ಣದಾದಷ್ಟೂ ಸುಲಭ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಹತ್ತು ಲೀಟರಿನ ತೊಟ್ಟಿಯಲ್ಲಿ ತಿನ್ನದೆ ಉಳಿದ ಒಂದು ಚಿಟಿಕೆ ಆಹಾರ ಕೊಳೆತರೂ ನೀರು ಕೆಡುತ್ತದೆ. ಅದೇ ಚಿಟಿಕೆ ಅರವತ್ತು ಲೀಟರಿನಲ್ಲಿ ಗೊತ್ತೇ ಆಗುವುದಿಲ್ಲ. ಉಷ್ಣತೆಯ ಏರಿಳಿತಕ್ಕೂ ಆವಿಯಾಗುವ ನೀರಿಗೂ ಇದೇ ಮಾತು ಹೊಂದುತ್ತದೆ. 30 ಸೆಂಟಿಮೀಟರಿನ ಚೌಕ ತೊಟ್ಟಿ ಹೊರ ಅಳತೆಯಲ್ಲಿ 27 ಲೀಟರ್. ಸೀಗಡಿಗಳಿಗೂ ಒಂದು ಬೆಟ್ಟಾ ಮೀನಿಗೂ ಅದು ಒಪ್ಪುತ್ತದೆ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ತೊಟ್ಟಿ ಸುಮಾರು 65 ಲೀಟರ್. ಗುಂಪಾಗಿ ಈಜುವ ಮೀನುಗಳಿಗೆ ಬೇಕಾದ ಉದ್ದ ಅದರಲ್ಲಿದೆ. ಜಾಗವಿದ್ದರೆ ಎರಡನೆಯದನ್ನೇ ಆರಿಸಿ. ನೀರೊಂದೇ ಲೀಟರಿಗೆ ಒಂದು ಕಿಲೋ ತೂಗುವುದರಿಂದ, ಗಾಜು, ಕಲ್ಲು, ತಳಹಾಸು ಸೇರಿ ಅದು ಎಂಬತ್ತು ಕಿಲೋ ಮುಟ್ಟಬಹುದು. ಓದುವ ಮೇಜು ಅದಕ್ಕೆ ತಕ್ಕ ಪೀಠವಲ್ಲ. ಎತ್ತರದ ಕಂಬದಂತಹ ತೊಟ್ಟಿಗಳೂ ದುಂಡು ಬುರುಡೆಗಳೂ ನೋಡಲು ಚೆಂದ. ಆದರೆ ಮೊದಲನೆಯವುಗಳ ತಳಕ್ಕೆ ಬೆಳಕು ಇಳಿಯುವುದಿಲ್ಲ, ಎರಡನೆಯವುಗಳಲ್ಲಿ ಫಿಲ್ಟರಿಗೆ ಜಾಗವಿರುವುದಿಲ್ಲ.

ತಳಹಾಸು ಮತ್ತು ಗಿಡಗಳು

ತಳಹಾಸಿಗೆ ಮೂರು ದಾರಿಗಳಿವೆ. ತೊಳೆದ ಮರಳು ಅಥವಾ ಎರಡು ಮೂರು ಮಿಲಿಮೀಟರಿನ ಸಣ್ಣ ಜಲ್ಲಿ ನೀರಿನ ಗುಣವನ್ನು ಬದಲಿಸುವುದಿಲ್ಲ, ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಅದರಲ್ಲಿ ಪೋಷಕಾಂಶವಿಲ್ಲ ಎಂಬ ಕೊರತೆಯನ್ನು ಬೇರಿನ ಬಳಿ ಹೂಳುವ ಗೊಬ್ಬರದ ಮಾತ್ರೆಗಳು ತುಂಬುತ್ತವೆ. ಜಲ್ಲಿಯ ಮೇಲೆ ವಿನೆಗರ್ ಹನಿಸಿದಾಗ ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ಅದು ನೀರನ್ನು ಗಡಸು ಮಾಡುತ್ತದೆ ಎಂದರ್ಥ. ಎರಡನೆಯದು ಅಕ್ವಾಸಾಯಿಲ್, ಅಂದರೆ ಹದವಾಗಿ ಸುಟ್ಟ ಮಣ್ಣಿನ ಹರಳುಗಳು. ಅದು ಪೋಷಕಾಂಶಗಳಿಂದ ತುಂಬಿರುತ್ತದೆ, ಕ್ಷಾರೀಯತೆಯನ್ನು ಹೀರಿ ನೀರನ್ನು ತುಸು ಆಮ್ಲೀಯಗೊಳಿಸುತ್ತದೆ, ಗಿಡಗಳು ಅದರಲ್ಲಿ ಸೊಗಸಾಗಿ ಬೇರೂರುತ್ತವೆ. ಬದಲಿಗೆ ಅನೇಕ ಬ್ರ್ಯಾಂಡಿನ ಹರಳುಗಳು ಮೊದಲ ಕೆಲವು ವಾರ ಅಮೋನಿಯವನ್ನು ಬಿಡುತ್ತವೆ. ಆ ಅವಧಿಯಲ್ಲಿ ಮೀನು ಬಿಡುವಂತಿಲ್ಲ, ನೀರನ್ನು ಮೇಲಿಂದ ಮೇಲೆ ಬದಲಿಸಬೇಕು. ಗಡಸು ನೀರಿನಲ್ಲಿ ಅದರ ಆಮ್ಲೀಯಗೊಳಿಸುವ ಶಕ್ತಿ ಬೇಗ ತೀರುತ್ತದೆ ಎಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಮೂರನೆಯದು ಎರಡೂವರೆ ಸೆಂಟಿಮೀಟರಿನಷ್ಟು ತೋಟದ ಮಣ್ಣನ್ನು ಹರಡಿ, ಅದರ ಮೇಲೆ ಅಷ್ಟೇ ದಪ್ಪ ಮರಳನ್ನು ಹೊದಿಸುವ ವಿಧಾನ. ಅಗ್ಗವೂ ಹೌದು, ಫಲವತ್ತಾದದ್ದೂ ಹೌದು. ಆದರೆ ನೆಟ್ಟ ಗಿಡವನ್ನು ಕಿತ್ತು ಜಾಗ ಬದಲಿಸುವ ಚಪಲ ಇರುವವರಿಗೆ, ಅಂದರೆ ಬಹುತೇಕ ಎಲ್ಲ ಹೊಸಬರಿಗೆ, ಪ್ರತಿ ಸಲವೂ ರಾಡಿಯೇಳುವ ಈ ತಳ ಸರಿಹೋಗುವುದಿಲ್ಲ. ನಿಧಾನದ ತೊಟ್ಟಿಗೆ ಮರಳು ಮತ್ತು ಮಾತ್ರೆ, ವೇಗದ ತೊಟ್ಟಿಗೆ ಅಕ್ವಾಸಾಯಿಲ್ ಎಂಬುದು ನನ್ನ ಆಯ್ಕೆ.

ಗಿಡಗಳನ್ನು ಹೋಲಿಸುವಾಗ ಅಂದಕ್ಕಿಂತ ಮೊದಲು ಕೇಳಬೇಕಾದದ್ದು, ಈ ಗಿಡ ತನ್ನ ಇಂಗಾಲವನ್ನು ಎಲ್ಲಿಂದ ಪಡೆಯುತ್ತದೆ ಎಂದು. ಸಾಲ್ವಿನಿಯ, ಪಿಸ್ಟಿಯದಂತಹ ತೇಲುಗಿಡಗಳ ಎಲೆ ಗಾಳಿಯಲ್ಲೇ ಇರುವುದರಿಂದ ನೀರಿನಲ್ಲಿರುವ ಇಂಗಾಲದ ಕೊರತೆ ಅವಕ್ಕೆ ತಟ್ಟುವುದಿಲ್ಲ. ನಿಧಾನದ ತೊಟ್ಟಿಯಲ್ಲಿ ಹೆಚ್ಚುವರಿ ಪೋಷಕಾಂಶವನ್ನು ಹೀರಿ ಪಾಚಿಯನ್ನು ತಡೆಯುವ ಕೆಲಸದಲ್ಲಿ ಅವುಗಳನ್ನು ಮೀರಿಸುವ ಗಿಡ ಇನ್ನೊಂದಿಲ್ಲ. ಅವು ನೀರಿನ ಮೇಲ್ಮೈಯನ್ನೆಲ್ಲ ಮುಚ್ಚಿ ಕೆಳಗಿನವುಗಳ ಬೆಳಕನ್ನು ಕಸಿಯದಂತೆ ವಾರಕ್ಕೊಮ್ಮೆ ಅರ್ಧದಷ್ಟನ್ನು ತೆಗೆಯಬೇಕು, ತೆಗೆದದ್ದನ್ನು ಕೆರೆಗೋ ಕಾಲುವೆಗೋ ಎಸೆಯದೆ ಒಣಗಿಸಿ ಮಣ್ಣಿಗೆ ಸೇರಿಸಬೇಕು. ವ್ಯಾಲಿಸ್ನೇರಿಯ, ಹಾರ್ನ್‌ವರ್ಟ್, ಎಲೋಡಿಯ ಜಾತಿಯವು ನೀರಿನಲ್ಲಿರುವ ಬೈಕಾರ್ಬನೇಟಿನಿಂದಲೂ ಇಂಗಾಲವನ್ನು ಪಡೆಯಬಲ್ಲವು; ಆದ್ದರಿಂದ ನಲ್ಲಿಯ ನೀರು ಗಡಸಾಗಿದ್ದರೆ ಅದನ್ನು ಶಾಪವೆಂದುಕೊಳ್ಳದೆ ಈ ಗಿಡಗಳನ್ನು ಆರಿಸಿಕೊಳ್ಳಬಹುದು. ಅನೂಬಿಯಾಸ್ ನಾನಾ, ಜಾವಾ ಫರ್ನ್ ಮತ್ತು ಕ್ರಿಪ್ಟೋಕೋರಿನ್ ಮೂರನೆಯ ಗುಂಪಿನವು. ಅವು ಬೆಳೆಯುವುದೇ ನಿಧಾನವಾದ್ದರಿಂದ ಸ್ವಲ್ಪದರಲ್ಲೇ ತೃಪ್ತಿಪಡುತ್ತವೆ, ಆದರೆ ಪಾಚಿಯೊಡನೆ ಪೈಪೋಟಿ ಮಾಡುವ ಶಕ್ತಿ ಅವಕ್ಕಿಲ್ಲ. ಕೇವಲ ಅನೂಬಿಯಾಸ್‌ಗಳಿಂದ ಶುರುವಾದ ತೊಟ್ಟಿಯ ಎಲೆಗಳ ಮೇಲೆ ಕಪ್ಪು ಗಡ್ಡದಂತಹ ಪಾಚಿ ಕೂರುವುದು ಇದೇ ಕಾರಣಕ್ಕೆ. ಮೂರೂ ಗುಂಪುಗಳನ್ನು ಬೆರೆಸಿ, ಮೊದಲ ದಿನವೇ ತಳದ ಅರ್ಧಕ್ಕಿಂತ ಹೆಚ್ಚು ಭಾಗ ಮರೆಯಾಗುವಂತೆ ನೆಡುವುದು ಒಳ್ಳೆಯದು.

ಅನೂಬಿಯಾಸ್ ಮತ್ತು ಜಾವಾ ಫರ್ನ್‌ಗಳ ಅಡ್ಡಕಾಂಡವನ್ನು ಮರಳಿನಲ್ಲಿ ಹೂಳಬಾರದು, ಹೂತರೆ ಕೊಳೆಯುತ್ತದೆ. ಅದನ್ನು ಕಟ್ಟಿಗೆಗೋ ಕಲ್ಲಿಗೋ ದಾರದಿಂದ ಬಿಗಿಯಬೇಕು. ಕ್ರಿಪ್ಟೋಕೋರಿನ್ ನೆಟ್ಟ ಒಂದೆರಡು ವಾರದಲ್ಲಿ ಅದರ ಎಲೆಗಳೆಲ್ಲ ಕರಗಿದಂತಾಗಿ ಉದುರಿದರೆ ಕಿತ್ತೆಸೆಯಬೇಡಿ. ನರ್ಸರಿಗಳಲ್ಲಿ ಬಹಳಷ್ಟು ಜಲಸಸ್ಯಗಳನ್ನು ನೀರಿನ ಮೇಲೆ ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಆ ಎಲೆಗಳು ಮುಳುಗಿದಾಗ ಬಾಳುವುದಿಲ್ಲ, ಬೇರು ಗಟ್ಟಿಯಿದ್ದರೆ ನೀರಿಗೆ ಒಗ್ಗುವ ಹೊಸ ಎಲೆಗಳು ಬರುತ್ತವೆ. ಕುಂಡದ ಗಿಡ ಮತ್ತು ಅಂಗಾಂಶ ಕೃಷಿಯ ಡಬ್ಬಿ ಎರಡೂ ಸಿಗುವಲ್ಲಿ, ಸೀಗಡಿ ಸಾಕುವವರು ಎರಡನೆಯದನ್ನು ಆರಿಸಬೇಕು. ಅದರಲ್ಲಿ ಬಸವನಹುಳುವಿನ ಮೊಟ್ಟೆಯಾಗಲಿ, ಪಾಚಿಯ ಎಳೆಯಾಗಲಿ, ಸೀಗಡಿಗಳನ್ನು ಕೊಲ್ಲುವ ಕೀಟನಾಶಕದ ಶೇಷವಾಗಲಿ ಇರುವುದಿಲ್ಲ.

ಫಿಲ್ಟರ್ ಮತ್ತು ನೀರು

ಇಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಅಗ್ಗವಾದದ್ದು, ಕೆಡುವ ಭಾಗಗಳಿಲ್ಲದ್ದು, ಸೀಗಡಿಯ ಮರಿಯನ್ನೂ ಎಳೆದುಕೊಳ್ಳದಷ್ಟು ಸೌಮ್ಯವಾದದ್ದು. ನಿಧಾನದ ತೊಟ್ಟಿಗೆ ಅದು ಸಾಕು. ಅದರ ಗುಳ್ಳೆಗಳು ಮೇಲ್ಮೈಯನ್ನು ಕಲಕಿ, ಹಾಯಿಸಿದ ಕಾರ್ಬನ್ ಡೈಆಕ್ಸೈಡನ್ನು ಗಾಳಿಗೆ ಬಿಟ್ಟುಕೊಡುವುದರಿಂದ ವೇಗದ ತೊಟ್ಟಿಗೆ ಕ್ಯಾನಿಸ್ಟರ್ ಫಿಲ್ಟರ್, ಅಂದರೆ ತೊಟ್ಟಿಯ ಹೊರಗಿಟ್ಟು ಕೊಳವೆಗಳಿಂದ ಜೋಡಿಸುವ ಮುಚ್ಚಿದ ಡಬ್ಬಿಯ ಫಿಲ್ಟರ್ ಬೇಕಾಗುತ್ತದೆ. ಅಂಚಿಗೆ ನೇತುಹಾಕುವ ಫಿಲ್ಟರ್ ಇವೆರಡರ ನಡುವಿನದು; ಅದರ ಬಾಯಿಗೆ ಸ್ಪಾಂಜಿನ ತುಂಡೊಂದನ್ನು ತೊಡಿಸಿದರೆ ಸಣ್ಣ ಜೀವಿಗಳು ಉಳಿಯುತ್ತವೆ. ಯಾವುದೇ ಆದರೂ ಅದರ ಸ್ಪಾಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಮರಳಿಸಬೇಕು, ಏಕೆಂದರೆ ತೊಟ್ಟಿಯನ್ನು ಕಾಯುವ ಬ್ಯಾಕ್ಟೀರಿಯಗಳ ಮನೆ ಅದೇ.

ನಲ್ಲಿಯ ನೀರಿನಲ್ಲಿ ಬರಿಯ ಕ್ಲೋರಿನ್ ಇದ್ದರೆ ಒಂದು ದಿನ ತೆರೆದಿಟ್ಟರೆ ಬಹುಪಾಲು ಹೋಗುತ್ತದೆ. ಕ್ಲೋರಮಿನ್ ಇದ್ದರೆ ಹಾಗೆ ಹೋಗುವುದಿಲ್ಲ. ಯಾವುದು ಇದೆಯೆಂದು ತಿಳಿಯದವರು ಡಿಕ್ಲೋರಿನೇಟರ್ ಬಳಸುವುದೇ ಕ್ಷೇಮ. ಆರ್‌ಓ ನೀರು ಶುದ್ಧವಾದ್ದರಿಂದ ಉತ್ತಮವೆಂದು ಅನೇಕರು ಭಾವಿಸುತ್ತಾರೆ. ಗಿಡಕ್ಕೂ ಸೀಗಡಿಗೂ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂಗಳು ಅದರಲ್ಲಿ ಬಹುತೇಕ ಇರುವುದಿಲ್ಲವಾದ್ದರಿಂದ, ಅದನ್ನು ನಲ್ಲಿಯ ನೀರಿನೊಂದಿಗೆ ಬೆರೆಸಬೇಕು ಅಥವಾ ಲವಣಗಳನ್ನು ಸೇರಿಸಬೇಕು. ಮೊದಲ ತೊಟ್ಟಿಯಲ್ಲಿ ನೀರನ್ನು ಗಿಡಕ್ಕೆ ಒಗ್ಗಿಸಲು ಹೆಣಗುವುದಕ್ಕಿಂತ ಇರುವ ನೀರಿಗೆ ಒಗ್ಗುವ ಗಿಡವನ್ನೂ ಮೀನನ್ನೂ ಹುಡುಕುವುದು ಜಾಣತನ.

ಕಾಯುವ ವಾರಗಳು ಮತ್ತು ಜೀವಿಗಳು

ಮೀನಿನ ಮಲದಿಂದಲೂ ಕೊಳೆತ ಎಲೆಯಿಂದಲೂ ಹುಟ್ಟುವ ಅಮೋನಿಯ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದು ಗಿಡಕ್ಕೆ ಆಹಾರ. ಈ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯ ಸ್ಪಾಂಜೊಂದು ಸಿಕ್ಕರೆ ಅವಧಿ ಬಹಳ ಕಡಿಮೆಯಾಗುತ್ತದೆ. ವೇಗವಾಗಿ ಬೆಳೆಯುವ ಗಿಡಗಳು ದಟ್ಟವಾಗಿದ್ದರೆ ಅವೇ ಅಮೋನಿಯದ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಮೀನನ್ನು ಮೊದಲೇ ಬಿಟ್ಟು ಅದರ ತ್ಯಾಜ್ಯದಿಂದ ಈ ಚಕ್ರವನ್ನು ಆರಂಭಿಸುವ ಹಳೆಯ ಪದ್ಧತಿ ಈಗಲೂ ಚಾಲ್ತಿಯಲ್ಲಿದೆ. ಮೀನಿಲ್ಲದ ಕ್ರಮದಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯ ಸೇರಿಸಿ, ಅದೂ ನೈಟ್ರೈಟೂ ಒಂದು ದಿನದೊಳಗೆ ಶೂನ್ಯಕ್ಕೆ ಇಳಿಯುವವರೆಗೆ ಕಾಯುತ್ತಾರೆ. ಎರಡರಲ್ಲಿ ಒಂದನ್ನು ಆರಿಸಲು ನನಗೆ ಯಾವ ಗೊಂದಲವೂ ಇಲ್ಲ. ಮೊದಲನೆಯದರಲ್ಲಿ ಕಿವಿರು ಸುಟ್ಟುಕೊಳ್ಳುವುದು ಮೀನು. ಈ ವಾರಗಳಲ್ಲಿ ಗಾಜಿನ ಮೇಲೆ ಕಂದು ಧೂಳಿನಂತೆ ಕೂರುವ ಡಯಾಟಮ್‌ಗಳಿಗೆ ಹೆದರಬೇಕಾದ್ದಿಲ್ಲ, ಅವು ಬಂದಂತೆಯೇ ಹೋಗುತ್ತವೆ.

ಸಣ್ಣ ತೊಟ್ಟಿಗೆ ಜೀವಿಗಳ ಆಯ್ಕೆಯಲ್ಲಿ ನನ್ನ ಒಲವು ನಿಯೋಕಾರಿಡಿನಾ ಸೀಗಡಿಗಳ ಕಡೆಗೆ. ಚೆರ್ರಿ ಸೀಗಡಿ ಎಂದು ಪ್ರಸಿದ್ಧವಾದ ಇವು ನಲ್ಲಿಯ ಸಾಧಾರಣ ನೀರಿನಲ್ಲೇ ಬಾಳುತ್ತವೆ, ಎಲೆಗಳ ಮೇಲಿನ ಪಾಚಿಯನ್ನು ಇಡೀ ದಿನ ಮೇಯುತ್ತವೆ, ತ್ಯಾಜ್ಯ ತೀರ ಕಡಿಮೆ. ಇವುಗಳ ಪಕ್ಕದಲ್ಲೇ ಮಾರುವ ಪಟ್ಟೆಪಟ್ಟೆಯ ಕ್ರಿಸ್ಟಲ್ ಸೀಗಡಿಗಳು ಬೇರೆಯೇ ಕುಲದವು; ಅವಕ್ಕೆ ಮೃದುವಾದ ಆಮ್ಲೀಯ ನೀರು ಬೇಕು, ಹೊಸಬರ ಕೈಯಲ್ಲಿ ಅವು ಉಳಿಯುವುದು ಅಪರೂಪ. ಯಾವ ಸೀಗಡಿಗೂ ತಾಮ್ರವಿರುವ ಔಷಧಗಳು ಆಗುವುದಿಲ್ಲ. ಒಂಟಿ ಬೆಟ್ಟಾ ಇಪ್ಪತ್ತು ಲೀಟರಿನಲ್ಲಿ ಸುಖವಾಗಿರುತ್ತದೆ. ಅದು ಮೇಲ್ಮೈಗೆ ಬಂದು ಗಾಳಿಯನ್ನೇ ಉಸಿರಾಡಬಲ್ಲದೆಂಬ ಕಾರಣಕ್ಕೆ ಲೋಟದಲ್ಲಿ ಸಾಕಬಹುದೆಂದು ವಾದಿಸುವವರಿಗೆ, ಉಸಿರಾಡುವುದೂ ಬದುಕುವುದೂ ಒಂದೇ ಅಲ್ಲ ಎಂದಷ್ಟೇ ಹೇಳಬಹುದು. ಆದರೆ ಬೆಟ್ಟಾ ಮತ್ತು ಸೀಗಡಿಗಳನ್ನು ಒಟ್ಟಿಗೆ ಬಿಟ್ಟರೆ ಮರಿಗಳು ಅದರ ಹೊಟ್ಟೆ ಸೇರುತ್ತವೆ. ಅರವತ್ತು ಸೆಂಟಿಮೀಟರಿನ ತೊಟ್ಟಿಯಿದ್ದವರು ನೀರು ಮೃದುವಾಗಿದ್ದರೆ ಎಂಟು ಹತ್ತು ಎಂಬರ್ ಟೆಟ್ರಾಗಳ ಗುಂಪನ್ನು, ಗಡಸಾಗಿದ್ದರೆ ಗಪ್ಪಿಗಳನ್ನು ಯೋಚಿಸಬಹುದು. ಗಪ್ಪಿಗಳು ಸುಮಾರು ತಿಂಗಳಿಗೊಮ್ಮೆ ಮರಿ ಹಾಕುವುದರಿಂದ ಗಂಡುಗಳನ್ನಷ್ಟೇ ತರುವುದು ಲೇಸು. ಪಾಚಿ ತಿನ್ನುವ ಓಟೋಸಿಂಕ್ಲಸ್ ಮೀನನ್ನು ಹೊಸ ತೊಟ್ಟಿಗೆ ತಂದರೆ ತಿನ್ನಲು ಏನೂ ಇಲ್ಲದೆ ಸಾಯುತ್ತದೆ. ಮೂರು ನಾಲ್ಕು ತಿಂಗಳು ತಾಳಬೇಕು. ಗೋಲ್ಡ್‌ಫಿಶ್ ಈ ಗಾತ್ರದ ಯಾವ ತೊಟ್ಟಿಗೂ ಹೊಂದುವುದಿಲ್ಲ, ಗಿಡಗಳನ್ನಂತೂ ಉಳಿಸುವುದಿಲ್ಲ.

ವಾರದ ಕೆಲಸದಲ್ಲೂ ಎರಡು ದಾರಿಗಳು ಬೇರೆಯಾಗುತ್ತವೆ. ವೇಗದ ತೊಟ್ಟಿಗೆ ದಿನವೂ ಅಥವಾ ದಿನಬಿಟ್ಟು ದಿನ ದ್ರವಗೊಬ್ಬರ, ವಾರಕ್ಕೊಮ್ಮೆ ಅರ್ಧದಷ್ಟು ನೀರಿನ ಬದಲಾವಣೆ, ಕತ್ತರಿಯ ಕೆಲಸ ಇವು ತಪ್ಪುವುದಿಲ್ಲ. ನಿಧಾನದ ತೊಟ್ಟಿಗೆ ವಾರಕ್ಕೊಮ್ಮೆ ಅಲ್ಪ ಗೊಬ್ಬರ, ಕಾಲುಭಾಗ ನೀರಿನ ಬದಲಾವಣೆ ಸಾಕು. ಪ್ರವಾಸಕ್ಕೆ ಹೋಗಿ ಎರಡು ವಾರ ಬಿಟ್ಟರೂ ತಾಳಿಕೊಳ್ಳುತ್ತದೆ. ಆರೇಳು ತಿಂಗಳ ಬಳಿಕ ಕೈ ಪಳಗಿ, ಕೆಂಪು ಗಿಡಗಳ ಆಸೆ ಹುಟ್ಟಿದರೆ ತೊಟ್ಟಿಯನ್ನು ಖಾಲಿ ಮಾಡಬೇಕಾಗಿಲ್ಲ. ತಗ್ಗಿಸಬಲ್ಲ ದೀಪವನ್ನು ಕೊಂಡಿದ್ದವರು ಮೊದಲು ಸಿಲಿಂಡರನ್ನು ಜೋಡಿಸಿ, ಸ್ಪಾಂಜ್ ಫಿಲ್ಟರಿನ ಬದಲು ಕ್ಯಾನಿಸ್ಟರನ್ನು ಇಟ್ಟು, ಹಳೆಯ ಸ್ಪಾಂಜನ್ನು ಒಂದು ತಿಂಗಳು ಅದರೊಳಗೇ ತುರುಕಿಟ್ಟು, ಅನಿಲದ ಪ್ರಮಾಣ ಸ್ಥಿರವಾದ ಮೇಲೆ ಮಾತ್ರ ಬೆಳಕನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬೇಕು. ಮೊದಲು ಇಂಗಾಲ, ಆಮೇಲೆ ಬೆಳಕು. ಈ ಕ್ರಮ ಹಿಂದುಮುಂದಾದರೆ ಅಷ್ಟು ದಿನ ತಿಳಿಯಾಗಿದ್ದ ತೊಟ್ಟಿಯೂ ಕೆಲವೇ ವಾರಗಳಲ್ಲಿ ಪಾಚಿಗಟ್ಟುತ್ತದೆ.